ಅತಿ ಕೆಟ್ಟ ತಡ

ಬುಧವಾರ ರಾತ್ರಿ, ಭೋಸರಿ, ಎಸ್ ಬ್ಲಾಕ್.
ನಾಳೆ ಗುರುವಾರ, ಬೆಳಗಾದರೆ ಕರೆಂಟಿಲ್ಲ,
ಅಷ್ಟರೊಳಗೆ ಆಗಬೇಕು ಎಂದಿದ್ದಾರೆ ಕುದಳೆ.
ನನ್ನನ್ನು ಅವರು ತಾಯೀ ಎನ್ನುತ್ತಾರೆ.
ಮರಾಠಿಯಲ್ಲಿ ಅಕ್ಕ ಅಂತ. ನನಗಿಂತ ಹದಿನೈದು ವರ್ಷ ದೊಡ್ಡವರು.
ನನ್ನ ಕಿವಿಯಲ್ಲಿ ಆ ಶಬ್ದ ಪ್ರತಿಸಲವೂ
ಒಂದು ತಲೆಮಾರು ಮೇಲೆ ಹತ್ತಿ ಕೂರುತ್ತದೆ.

ಮಿಲ್ಲಿಂಗ್ ಮೆಷೀನಿನ ಹಳೆ ಕಂಟ್ರೋಲರು
ಸತ್ತು ಎರಡು ದಸರಾ ಆಯಿತು.
ಪರದೆಯ ಮೇಲೆ ಕುಂಕುಮ ಮಾತ್ರ ಹೊಸದು.
ಕಂಪನಿಯವರು ಹೇಳಿದ ಬೆಲೆ ಕೇಳಿ ಕುದಳೆ ನಕ್ಕರಂತೆ.
ನಾನು ತಂದದ್ದು ಜುನಾ ಬಜಾರಿನ ಒಂದು ಡಬ್ಬ,
ಬೆನ್ನಲ್ಲಿ ಇಪ್ಪತ್ತೈದು ತೂತಿನ ಪ್ಯಾರಲಲ್ ಪೋರ್ಟು ಇದೆ
ಎಂಬುದೊಂದೇ ಅದರ ಕುಲಗೋತ್ರ.

ಪೆನ್ ಡ್ರೈವಿನಿಂದ ಲಿನಕ್ಸ್ ಇಳಿಯಿತು,
ಅದರ ಮೇಲೆ ರಿಯಲ್ ಟೈಮ್ ಕರ್ನೆಲ್.
ಇಲಾಹಿ ಮುಲಾಣಿ, ಅಕ್ಕಲಕೋಟೆಯವನು, ಚಹಾ ಇಟ್ಟು ಕೇಳಿದ:
"ರಿಯಲ್ ಟೈಮ್ ಅಂದ್ರ? ಉಳಿದ ಕಂಪ್ಯೂಟರ್‌ನ್ಯಾಗ ಇರೋದು
ಸುಳ್ಳು ಟೈಮ್ ಏನ್ರಿ?"

ಸುಳ್ಳಲ್ಲ ಮುಲಾಣಿ. ಅದು ನಮ್ಮ ನಿಮ್ಮ ಟೈಮು.
ಈಗ ಬಂದೆ ಎಂದವನು ಬಂದೇ ಬರುತ್ತಾನೆ,
ದಾರಿಯಲ್ಲಿ ಯಾರೋ ಸಿಕ್ಕರೆ ನಿಂತು ಮಾತಾಡಿ.
ಸರಾಸರಿ ತೆಗೆದರೆ ಬೇಗವೇ.
ಈ ಕರ್ನೆಲ್ ಬೇಗ ಬರುವ ಪೈಕಿ ಅಲ್ಲ,
ಹೇಳಿದ ಹೊತ್ತಿಗೆ ಬರುತ್ತದೆ. ಅಷ್ಟೇ ಅದರ ಗುಣ.
ಮೋಟರಿನ ಹೆಜ್ಜೆ ತಡವಾದರೆ ಉಕ್ಕಿನ ಮೇಲೆ ಗೀರು.

ಅವನು ಎಡಗೈ ಎತ್ತಿದ.
ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.
"ಪಾವರ್ ಪ್ರೆಸ್. ತೊಂಬತ್ತೆಂಟನೇ ಇಸವಿ.
ನಾ ಹೊತ್ತಿಗೇ ತೆಗದೀನ್ರಿ. ಅದು ಮೊದಲ ಬಂತು."

ಪರೀಕ್ಷೆ ಶುರು.
ಈಗ ಕಂಪ್ಯೂಟರನ್ನು ಬೇಕೆಂದೇ ಗೋಳು ಹೊಯ್ದುಕೊಳ್ಳಬೇಕು:
ಸುಮ್ಮನೆ ತಿರುಗುವ ಹಲ್ಲುಗಾಲಿಗಳ ಹತ್ತು ಕಿಟಕಿ,
ದೊಡ್ಡದೊಂದು ಫೈಲಿನ ನಕಲು,
ಮೇಲೆ ಇಲಾಹಿಯ ಇಷ್ಟದ ಲಾವಣಿ ವಿಡಿಯೋ.
ಪರದೆಯಲ್ಲಿ ಒಂದು ಅಂಕಿ ಕುಣಿಯುತ್ತದೆ.
ಪಕ್ಕದ್ದು ಕುಣಿಯುವುದಿಲ್ಲ, ಏರುತ್ತದೆ ಮಾತ್ರ,
ಇಳಿಯುವುದು ಅದಕ್ಕೆ ಗೊತ್ತಿಲ್ಲ.
ಈವರೆಗಿನ ಅತಿ ಕೆಟ್ಟ ತಡ, ನ್ಯಾನೊಸೆಕೆಂಡಿನಲ್ಲಿ.
ಹತ್ತು ಕೋಟಿ ಸಲ ಸರಿಯಾಗಿ ಬಂದದ್ದು ಯಾರಿಗೂ ಬೇಡ.

ಒಂಬತ್ತು ಸಾವಿರದಲ್ಲಿ ನಿಂತಿತ್ತು, ಚೆನ್ನಾಗಿತ್ತು.
ಹತ್ತೂವರೆಗೆ, ಯಾರೂ ಮುಟ್ಟದೆ,
ಮೂರು ಲಕ್ಷ ಹನ್ನೆರಡು ಸಾವಿರ.

ಇದು ಕರ್ನೆಲ್ಲಿನ ತಪ್ಪಲ್ಲ. ಅದರ ಕೆಳಗೆ,
ಬೋರ್ಡಿನ ಒಳಗೇ ಯಾರೋ ಒಬ್ಬ ಮುದುಕ
ಕೇಳದೆ ಎದ್ದು ಫ್ಯಾನು ಮುಟ್ಟಿ ನೋಡಿ ಮಲಗುತ್ತಾನೆ.
ಬಯಾಸಿಗೆ ಹೋದೆ. ಕರೆಂಟು ಉಳಿಸುವ ಬುದ್ಧಿ ತೆಗೆದೆ,
ಸೌಂಡ್ ಕಾರ್ಡು ತೆಗೆದೆ (ಲಾವಣಿ ಮೂಕವಾಯಿತು),
ತೂಕಡಿಸುವ ಅಭ್ಯಾಸ ತೆಗೆದೆ.
ಇದ್ದ ಎರಡು ಕೋರಿನಲ್ಲಿ ಒಂದನ್ನು ಬೇರೆ ಕೂರಿಸಿದೆ:
ನಿನಗೆ ಮನೆವಾರ್ತೆ ಇಲ್ಲ. ನಿನ್ನನ್ನು ಯಾರೂ ಕರೆಯುವುದಿಲ್ಲ.

ಫೋನು ನಡುಗಿತು. ಕಾಸರವಾಡಿಯಿಂದ, ಓವಿ.
ಅವಳ ಬಳಿಯೂ ಅಂಥದೊಂದು ಅಂಕಿ ಇದೆ.
ಎರಡನೇ ಕ್ಲಾಸಿನ ಗ್ಯಾದರಿಂಗು,
ಪರದೆ ಬಿದ್ದ ಮೇಲೆ ನಾನು ತಲುಪಿದ್ದು.
ಈಗ ಹನ್ನೊಂದನೇ ಕ್ಲಾಸು. ಇಳಿದಿಲ್ಲ.

ಎರಡು ಗಂಟೆ, ಮೂರು ಗಂಟೆ. ಹನ್ನೊಂದು ಸಾವಿರದ ನಾನೂರು.
ಕುದಳೆ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ.
ಇಲಾಹಿ ಮೆಷೀನಿನ ಬಾಗಿಲ ಒಳಮೈಗೆ,
ಗ್ರೀಸ್ ಹಾಕಿದ ತಾರೀಖುಗಳ ಕೆಳಗೆ,
ಸೀಮೆಸುಣ್ಣದಲ್ಲಿ ಆ ಸಂಖ್ಯೆ ಬರೆದ.
ಬೈಗುಳವೋ ಹೊಗಳಿಕೆಯೋ ಕೇಳಲಿಲ್ಲ.

ಐದೂಮುಕ್ಕಾಲು. ಮೋಟರುಗಳಿಗೆ ಜೀವ ಕೊಟ್ಟೆ.
ಕಟರು ಇಳಿಯುತ್ತ ಬಂತು, ಕೂದಲೆಳೆ ಕೂದಲೆಳೆಯಾಗಿ,
ಕೆಳಗೆ ಇಲಾಹಿ ಒಂದು ಬೀಡಿ ಪುಡಿಕೆಯ ಕಾಗದ ಹಿಡಿದು
ನಡುಬೆರಳಿನಿಂದ ಹಿಂದೆ ಮುಂದೆ ಎಳೆಯುತ್ತಿದ್ದ.
ಇನ್ನೊಂದು. ಇನ್ನೊಂದು ಅರ್ಧ.
ಕಾಗದ ಸ್ವಲ್ಪ ಹಟ ಮಾಡಿತು.

"ಹಾಂ, ನಿಲ್ಲಸ್ರಿ," ಅಂದ, "ಸೊನ್ನಿ ಇಲ್ಲೇ ಐತಿ."